ಮೂರೂವರೆ ಇಂಚು

“ಏನ್ ಟೈಲರ್, ನಮ್ಮ ಬಾಲ್ಕನಿಗೂ ಅಂಗಿ ಹೊಲೀತೀರಾ?” ಎಂದು ಶಾಲೆಯ ಟೀಚರು ನಕ್ಕಾಗ, ಬೆಕ್ಕಿನ ಬುಟ್ಟಿ ಹಿಡಿದು ನಿಂತಿದ್ದ ಮಗಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೂರನೇ ಮಹಡಿಯ ಸರಳುಗಳ ಮುಂದೆ ಮಂಡಿಯೂರಿದ್ದ ಅಪ್ಪ, “ಟೇಪಿನ ಆ ತುದಿ ಹಿಡ್ಕೋ ಪುಟ್ಟಿ” ಎಂದದ್ದು ಕೇಳಿಸಲೇ ಇಲ್ಲವೆಂಬಂತೆ ಅವಳು ನಿಂತಳು. ಅವಳ ಉಬ್ಬಸಕ್ಕೆ ಬೆಕ್ಕೇ ಕಾರಣವೆಂದು ಡಾಕ್ಟರು ಹೇಳಿದ ಮೇಲೆ, ಅದನ್ನು ಸಾಕಲು ಕೊಡಲೆಂದು ನೋಡುತ್ತಿದ್ದ ಮೂರನೆಯ ಮನೆ ಇದು. ಮೊದಲಿನೆರಡನ್ನು ಅಪ್ಪನೇ ಬೇಡವೆಂದಿದ್ದ.

“ಸಂದು ಮೂರೂವರೆ ಇಂಚು, ಬೆಕ್ಕಿನ ತಲೆ ಎರಡೂವರೆ. ತಲೆ ತೂರಿದ್ರೆ ಮೈಯೂ ತೂರುತ್ತೆ, ಮೇಡಂ.”

“ಅಯ್ಯೋ, ಈ ಡುಮ್ಮ ಅಲ್ಲಿ ತೂರ್ತಾನಾ?”

ಅಪ್ಪ ಬೆಕ್ಕನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಸರಳಿನ ಹತ್ತಿರ ತಂದ. ಎದುರಿಗೆ ಪಾರಿವಾಳ ಕಂಡದ್ದೇ ತಡ, ಅದರ ತಲೆ, ಭುಜ ಎರಡೂ ಆಚೆಗಿದ್ದವು. ಟೀಚರ ನಗು ನಿಂತುಹೋಯಿತು. “ನಾಳೆಯೇ ಜಾಲರಿ ಹಾಕಿಸ್ತೀನಿ” ಎಂದರು.

“ನಾಳೆ ಯಾಕೆ? ತಂದೇ ಬಂದಿದ್ದೀನಿ.” ಅಪ್ಪ ಬೆಕ್ಕನ್ನು ಬುಟ್ಟಿಗೆ ಸೇರಿಸಿ, ಚೀಲದಿಂದ ನೈಲಾನ್ ಜಾಲರಿ, ದಬ್ಬಣ ತೆಗೆದ.

“ನಿಮ್ಮಪ್ಪ ಯಾವಾಗ್ಲೂ ಹೀಗೇನಾ ಮರಿ?”

“ಹೂಂ ಮಿಸ್, ಯಾವಾಗ್ಲೂ,” ಎಂದಳು ಮಗಳು, ತಲೆಯೆತ್ತಿ. ಬುಟ್ಟಿ ಕೆಳಗಿಟ್ಟು, ಯಾರೂ ಹೇಳದೆಯೇ ಟೇಪಿನ ಇನ್ನೊಂದು ತುದಿ ಹಿಡಿದಳು.