ಫಿಟರ್ ಪಾವ್ಣ್ಯಾ

“ಇದನ್ನ ಬೋರ್ ಮಾಡ್ಸೂದಕ್ಕಿಂತ ಹೊಲದಾಗ ಬೋರ್ ಹೊಡ್ಸೂದು ಹಗರ ಐತಿ ನೋಡ್ರಿ.”

ಅಥಣಿಯ ಲೇಥ್ ಅಂಗಡಿಯ ಟರ್ನರ್ ಸವೆದ ಸಿಲಿಂಡರಿನೊಳಗೆ ಹೆಬ್ಬೆರಳು ತಿರುಗಿಸಿ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಿಲೇಶನೂ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ.

“ಯಾರ ಗಾಡೀರಿ ಇದು?”

“ನಮ್ಮ ಮಾವಂದು,” ಎಂದ ನಿಲೇಶ, ನಾಚಿಕೊಂಡು.

ಮಾವ ಇನ್ನೂ ಮಾವ ಆಗಿರಲಿಲ್ಲ. ತಾಪತ್ರಯ ಇದ್ದದ್ದೇ ಅಲ್ಲಿ.

ನಿಲೇಶ ಮುಗಳಖೋಡದವನು, ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ಮೂವತ್ತಮೂರು ದಾಟಿತ್ತು. ಕೆಲಸ ಕಾಯಂ ಅಲ್ಲ ಎಂಬ ಒಂದೇ ಕಾರಣಕ್ಕೆ ಹನ್ನೊಂದು ಮನೆಗಳಲ್ಲಿ ಕನ್ಯೆ ನೋಡಿ, ಅವಲಕ್ಕಿ ತಿಂದು, ಬರಿಗೈಯಲ್ಲಿ ಎದ್ದು ಬಂದಿದ್ದ. ಹನ್ನೆರಡನೆಯದು ಚಿಕ್ಕೋಡಿಯ ಜ್ಞಾನದೇವನ ಮನೆ. ಆತ ನಿವೃತ್ತ ಬಸ್ ಚಾಲಕ. ಒಬ್ಬಳೇ ಮಗಳು, ಪೂನಮ. ಕಾಯಂ ಎಂಬ ಶಬ್ದವನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ. ಅವಲಕ್ಕಿ ಮುಗಿದ ಮೇಲೆ ಜ್ಞಾನದೇವ ಅವನನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದೊಯ್ದ. ಒಳಗೆ ಅರವತ್ತರ ದಶಕದ ಒಂದು ಬುಲೆಟ್ ನಿಂತಿತ್ತು.

“ಫಿಟರ್ ಅಂತೀರಿ. ಇದರ ಇಂಜಿನ್ ಚಾಲೂ ಮಾಡ್ರಿ ಪಾವ್ಣ್ಯಾರ. ಆಮ್ಯಾಲ ಲಗ್ನಕ್ಕ ದೇವರ ಕೌಲ ಕೇಳೂಣು.”

ಪಾವ್ಣ್ಯಾ ಎಂದರೆ ಈ ಸೀಮೆಯಲ್ಲಿ ಬೀಗನೂ ಹೌದು, ದಾರಿ ಕೇಳಲು ನಿಂತ ಗುರುತಿಲ್ಲದವನೂ ಹೌದು. ನಿಲೇಶ ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡ.

ಬುಲೆಟ್ಟಿನ ಟೈರುಗಳು ಹೊಸವು. ವೈರಿಂಗ್ ಹೊಸದು. ಸೀಟಿನ ಹೊಲಿಗೆಯೂ ಹೊಸದು.

“ಇದನ್ನೆಲ್ಲಾ ಯಾರ್ ಮಾಡ್ಯಾರ್ರಿ?”

“ಹಿಂಗ, ಬಂದ ಪಾವ್ಣ್ಯಾರು,” ಎಂದು ಜ್ಞಾನದೇವ ನಿಟ್ಟುಸಿರಿಟ್ಟ. “ಈಗ ಅವರು ಬರೂದು ಬಿಟ್ಟಾರ.”

ಯಾವುದೋ ಹಳೆಯ ನೆಂಟಸ್ತಿಕೆ ಮುರಿದಿರಬೇಕು, ಪಾಪ, ಎಂದುಕೊಂಡ ನಿಲೇಶ.

ಅಥಣಿಯಲ್ಲಿ ನಗೆಪಾಟಲಾಗಿ ಬಂದ ದಿನ ಪೂನಮ ಚಹಾ ತಂದಿಟ್ಟಳು. ತಲೆ ಎತ್ತದೆ, “ಮೊದಲ ಪಿಸ್ಟನ್ ತರ್ರಿ. ಅದರ ಅಳತಿಗೆ ಬೋರ್ ಮಾಡಸ್ರಿ,” ಎಂದಳು. ಫಿಟರನಿಗೆ ಹೊಳೆಯದ ಮಾತು ಅದು. ಅಪ್ಪ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಳೆ ಎಂದು ನಿಲೇಶ ನಂಬಿದ. ತನ್ನ ಓಡಾಟ ಉಳಿಸಲು ಇಷ್ಟು ಕಳಕಳಿಯೇ ಎಂದು ಕರಗಿಯೂ ಹೋದ.

ಅಲ್ಲಿಂದ ಅವನ ರವಿವಾರಗಳೆಲ್ಲ ಬುಲೆಟ್ಟಿನ ಪಾಲಾದವು. ನಿಪ್ಪಾಣಿಯ ಗುಜರಿಯಲ್ಲಿ ಮೂರು ವಾರ ಮೊಣಕಾಲೂರಿ ಕೆದಕಿದ ಮೇಲೆ ಪಿಸ್ಟನ್ ಸಿಕ್ಕಿತು. ಅಜ್ಜನ ಗಾಡಿಯೇ ಎಂದು ಗುಜರಿಯವನು ಮರಾಠಿಯಲ್ಲಿ ಕೇಳಿದ. ಮಾವನದು ಎಂದು ಮರಾಠಿಯಲ್ಲೂ ಒಮ್ಮೆ ಹೇಳಿ ನಿಲೇಶ ಸುಖಪಟ್ಟ. ಅಥಣಿಯ ಟರ್ನರ್ ಈ ಸಲ ನಗದೆ ಬೋರ್ ಮಾಡಿಕೊಟ್ಟ. ಕಾಗವಾಡದಲ್ಲಿ ಕ್ರ್ಯಾಂಕಿಗೆ ಪಿನ್ ಕೂರಿಸುವವನು ಹೆಂಡತಿಯ ತವರಿಗೆ ಮದುವೆಗೆಂದು ಹೋದವನು ಹದಿನೈದು ದಿನ ಬರಲಿಲ್ಲ. ಶೇಡಬಾಳದ ಲೇಥಿನವನು ವಾಲ್ವ್ ಗೈಡನ್ನು ಕಂಚಿನಲ್ಲಿ ಕಡೆಯುತ್ತಾ, “ಇಷ್ಟ್ ತ್ರಾಸ ತಗೊಳ್ಳಾಕತ್ತೀರಿ, ಕನ್ಯಾ ಹೆಂಗ ಅದಾಳ ತೋರಸ್ರಿ,” ಎಂದ. ನಿಲೇಶ ಫೋನು ತೆಗೆದು ಹುಡುಕಿದ. ಇದ್ದ ಫೋಟೋಗಳೆಲ್ಲ ಕ್ರ್ಯಾಂಕಿನವು.

ಜೋಡಿಸುವ ದಿನ ಪೂನಮ ಚಹಾ ಇಟ್ಟು ಒಂದು ಗಳಿಗೆ ನಿಂತಳು. “ರಾಡ್ ಮ್ಯಾಲ ಕೆಳಗ ಆಡಬಾರದು. ಬಾಜೂಕ ಚೂರ ಆಡಿದ್ರ ನಡೀತೈತಿ.”

“ಅಪ್ಪಾ ಹೇಳಿದ್ರೇನ್ರಿ?”

ಪೂನಮ ನಕ್ಕು ಒಳಗೆ ಹೋದಳು. ಆ ನಗುವಿನ ಮೇಲೆ ನಿಲೇಶ ಒಂದು ವಾರ ಬದುಕಿದ.

ಎಂಟನೆಯ ತಿಂಗಳಲ್ಲಿ, ಮೂರನೆಯ ಕಿಕ್ಕಿಗೆ ಇಂಜಿನ್ ಚಾಲೂ ಆಯಿತು. ಓಣಿ ಅದುರಿತು. ಜ್ಞಾನದೇವ ಕಣ್ಣೊರೆಸಿಕೊಂಡ. ನಿಲೇಶ ತಡೆಯಲಾರದೆ “ಮಾವಾರ!” ಎಂದು ಕೂಗಿಯೇಬಿಟ್ಟ.

ಮಾತು ಕೊಟ್ಟಂತೆ ಕೌಲು ಕೇಳಲು ಎಲ್ಲರೂ ದೇವರ ಕೋಣೆಯಲ್ಲಿ ಕೂತರು. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಪೂನಮ ತಾನೇ ಹೂವು ಅಂಟಿಸಿದಳು. ಬಲಗಡೆಯದನ್ನು ತುಸು ಹೆಚ್ಚು ಹೊತ್ತು ಒತ್ತಿ ಹಿಡಿದಳು. ಆ ಭಕ್ತಿ ಕಂಡು ನಿಲೇಶ ತಾನೂ ಕೈ ಮುಗಿದ.

ಎಡಗಡೆಯ ಹೂವು ಬಿತ್ತು.

“ದೇವರ ಮನಸ್ಸು. ನಮ್ಮ ಕೈಯಾಗ ಏನೈತಿ, ಪಾವ್ಣ್ಯಾರ,” ಎಂದ ಜ್ಞಾನದೇವ, ನೆಲ ನೋಡುತ್ತಾ. ಆ ಶಬ್ದದ ಇನ್ನೊಂದು ಅರ್ಥ ನಿಲೇಶನಿಗೆ ಈಗ ಕೇಳಿಸಿತು. ಹನ್ನೊಂದು ಮನೆಗಳಲ್ಲಿ ಅಳದವನು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಜನರೆದುರೇ ಅತ್ತ. ದೇವರ ಮೇಲೆ ಮುನಿಸಿಕೊಂಡನೇ ಹೊರತು ಆ ಮನೆಯವರ ಮೇಲೆ ಒಂದು ಮಾತೂ ಆಡಲಿಲ್ಲ. ಅಷ್ಟು ಒಳ್ಳೆಯವನು.

ಇತ್ತ ಪೂನಮ ಬುಲೆಟ್ ಏರಿ ಓಣಿಯನ್ನು ಎರಡು ಸುತ್ತು ಹಾಕಿ ಬಂದಳು. ಇಂಜಿನ್ನಿಗೆ ಕಿವಿಯಿಟ್ಟು ಕೇಳಿ ಬಂದ್ ಮಾಡಿದಳು.

“ಈ ಹುಡುಗ ಛಲೋ ಇದ್ದ ನೋಡವ್ವಾ,” ಎಂದ ಜ್ಞಾನದೇವ, ಅಂಜುತ್ತಾ.

“ಛಲೋನ ಇದ್ದ, ಅದಕ್ಕ ಇಂಜಿನ್ ಛಲೋ ಆಗೇತಿ,” ಎಂದಳು ಪೂನಮ. “ಇನ್ನ ಬಣ್ಣ ಅಷ್ಟ ಉಳದೈತಿ ಅಪ್ಪಾ, ಯಾರರ ಪೇಂಟರ್ ವರಾ ಇದ್ರ ನೋಡು.”