ಏಳು ನಂಬರಿನ ಕಾಲು

ಮರಿಧಣಿ ಗಾಜಿನ ಪೆಟ್ಟಿಗೆಯ ಬೀಗ ತೆರೆದು ಕಂಪನಿಯ ಮೊಟ್ಟಮೊದಲ ಚಪ್ಪಲಿ ಜೋಡಿಯನ್ನು ಹೊರಗೆ ತೆಗೆದಾಗ ಅಚ್ಚಣ್ಣ ಒಂದು ಹೆಜ್ಜೆ ಅಡ್ಡ ಬಂದ. ಇಪ್ಪತ್ತಾರು ವರ್ಷದಿಂದ ಯಾರೂ ಮುಟ್ಟದಿದ್ದ ಪೆಟ್ಟಿಗೆ ಅದು. ಈಗ ಕಂಪನಿಯ ಚರಿತ್ರೆ ಪುಸ್ತಕವಾಗಿ ಬರುತ್ತಿತ್ತು. ಮುಖಪುಟಕ್ಕೆ ಫೋಟೊ ಬೇಕಿತ್ತು.

"ಬಲಗಾಲು ಕೊಡಿ ಏಳಕ್ಕ," ಎಂದು ಮರಿಧಣಿ ಮೊಬೈಲ್ ಎತ್ತಿದ. "ಅದೇ ಚಪ್ಪಲಿ, ಅದೇ ಕಾಲು. ಇಷ್ಟು ವರ್ಷಕ್ಕೂ ಒಂದು ನೂಲು ಆಚೀಚೆ ಆಗಿಲ್ಲ ಅಂತ ಕೆಳಗೆ ಹಾಕಿಸ್ತೀನಿ."

"ಬೇಡ ಸರ್, ಹಳೇ ರಬ್ಬರು," ಎಂದ ಅಚ್ಚಣ್ಣ. "ಕಾಲಿಟ್ರೆ ಬಿರುಕು ಬಿಡುತ್ತೆ."

"ಬಿಡ್ಲಿ ಬಿಡಿ. ಬಿರುಕಿಲ್ಲದ ಚರಿತ್ರೆ ಯಾರು ನಂಬ್ತಾರೆ?"

ಕಾರ್ಖಾನೆಯ ಪ್ರತಿ ಹೊಸ ಮಾದರಿಯೂ ಮೊದಲು ಏರುವುದು ಏಳಕ್ಕನ ಕಾಲಿಗೆ. ಅವಳು ಅದನ್ನು ಮೆಟ್ಟಿ ಹಜಾರದಲ್ಲಿ ನಲವತ್ತು ಸುತ್ತು ನಡೆದು 'ಸರಿಯಿದೆ' ಎಂದರೆ ಅದೇ ಏಳು ನಂಬರು. ಆರು, ಎಂಟು, ಒಂಬತ್ತೆಲ್ಲ ಆಮೇಲೆ ಆ ಅಳತೆಯಿಂದಲೇ ಹುಟ್ಟಬೇಕು. ಏಳಕ್ಕ ಕೂತರೂ ಏಳೇ ಎಂದು ಹೊಲಿಗೆ ವಿಭಾಗದ ಹುಡುಗಿಯರು ನಗುತ್ತಿದ್ದರು. ತೀರಿಹೋದ ದೊಡ್ಡಧಣಿ ಮಾತ್ರ ನಗುವ ಜಾತಿಯವರಲ್ಲ. ಅವರ ಮೂಗಿನ ದನಿಯನ್ನು ಅಚ್ಚಣ್ಣ ಊಟದ ಹೊತ್ತಿನಲ್ಲಿ ಪಡಿಯಚ್ಚಿನಂತೆ ಇಳಿಸುತ್ತಿದ್ದ: "ನೋಡಮ್ಮಾ, ಕಾಲು ಬದಲಾದ್ರೆ ಆಳೂ ಬದಲು."

ಎರಡನೇ ಹೆರಿಗೆಯಾದ ಮೇಲೆ ಏಳಕ್ಕನ ಪಾದ ಹರಡಿತು. ಚಪ್ಪಲಿಯ ಅಳತೆಗೆಂದು ಮರದ ಕಾಲಚ್ಚು ಕೆತ್ತುವ ಅಚ್ಚಣ್ಣನ ಕಣ್ಣಿಗೆ ಅದು ಬೀಳದಿರುತ್ತದೆಯೇ? ತುಟಿ ಪಿಟಕ್ಕೆನ್ನದೆ ಕಾಲಚ್ಚಿಗೆ ಚರ್ಮದ ಚೂರೊಂದನ್ನು ಅಂಟಿಸಿ, ಅರದಿಂದ ತೀಡಿ ನುಣುಪು ಮಾಡಿದ. ಮರುವರ್ಷ ಇನ್ನೊಂದು ಚೂರು. ಅವಳ ಕಾಲು ಬೆಳೆದಷ್ಟೂ ಏಳು ನಂಬರು ಬೆಳೆಯಿತು; ಅದರ ಬಾಲ ಹಿಡಿದು ಮಿಕ್ಕ ನಂಬರುಗಳೂ ಬೆಳೆದವು. ಈ ಕಂಪನಿಯ ಚಪ್ಪಲಿಯಲ್ಲಿ ಕಾಲಿಗೆ ಆರಾಮ ಎಂದು ಪೇಟೆಯೆಲ್ಲ ಮಾತಾಯಿತು. ದೊಡ್ಡಧಣಿ ಅದನ್ನೇ ಬೋರ್ಡಿಗೆ ಬರೆಸಿ ಬೀಗಿದರು. ತನ್ನ ಕಾಲಿನ ಬಗ್ಗೆ ಏಳಕ್ಕನಿಗಿದ್ದ ಜಂಬಕ್ಕೆ ಪೆಟ್ಟಾಗದಂತೆ, ಅವಳ ಸಂಬಳಕ್ಕೆ ಕುತ್ತು ಬಾರದಂತೆ, ಅಚ್ಚಣ್ಣ ಹತ್ತೊಂಬತ್ತು ವರ್ಷ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಏಳಕ್ಕ ಸ್ಟೂಲಿನ ಮೇಲೆ ಕೂತು, ಎಡಗಾಲನ್ನು ಸ್ಟೂಲಿನಡಿಗೆ ಸರಿಸಿ, ಬಲಗಾಲನ್ನು ಹಳೆಯ ಚಪ್ಪಲಿಗೆ ತೂರಿಸಿದಳು. ಹಿಮ್ಮಡಿ ಒಂದು ಬೆರಳಷ್ಟು ಹೊರಗೇ ಉಳಿಯಿತು.

"ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿ."

"ಬೆರಳುಗಳು ಆಗಲೇ ಪಕ್ಕದೂರಿಗೆ ಹೋಗಿವೆ ಸರ್," ಎಂದಳು ಏಳಕ್ಕ.

ಮರಿಧಣಿ ಮೊಬೈಲನ್ನು ಕೆಳಗಿಟ್ಟ. ಅವಳು ಬಿಚ್ಚಿಟ್ಟಿದ್ದ ಹೊಸ ಚಪ್ಪಲಿಯ ಅಟ್ಟೆಗೆ ಅವಳು ಕಳಚಿಕೊಟ್ಟ ಹಳೆಯದರ ಅಟ್ಟೆ ತಾಗಿಸಿದ. ತಾಯಿ ಮಡಿಲಲ್ಲಿ ಮಗು ಕೂತಂತೆ ಕಂಡಿತು.

"ಎರಡೂ ಏಳೇನಾ?"

"ರಬ್ಬರು ಕುಗ್ಗಿದೆ ಸರ್."

"ಮರವೂ ಕುಗ್ಗಿತಾ?" ಮರಿಧಣಿ ಅದೇ ಪೆಟ್ಟಿಗೆಯಿಂದ ಮೊದಲ ಕಾಲಚ್ಚನ್ನು ತೆಗೆದು ಮೇಜಿನ ಮೇಲೆ ಹಳೆಯ ಚಪ್ಪಲಿಯ ಪಕ್ಕ ಕುಕ್ಕಿದ. ಎರಡರ ಅಳತೆಯೂ ಒಂದೇ. "ಯಾರ ಕೈವಾಡ ಇದು?"

ಅಚ್ಚಣ್ಣ ಮೇಜಿನ ಹತ್ತಿರ ಬಂದ. "ನಂದೇ. ಚೂರು ಚೂರೇ ಚರ್ಮ ಅಂಟಿಸ್ತಾ ಬಂದೆ. ಏಳಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ. ಕಳಿಸೋದಾದ್ರೆ ನನ್ನ ಕಳಿಸಿ."

ಮರಿಧಣಿಯ ದನಿ ಮೂಗಿಗೇರಿತು. ಯಾರೂ ಅಣಕಿಸದೆಯೇ ದೊಡ್ಡಧಣಿ ಕೋಣೆಗೆ ಬಂದು ನಿಂತಂತಾಯಿತು. "ಹಾಗಾದ್ರೆ ಹೋದ ವರ್ಷದ ಮಾದರಿ? ಎಡಗಾಲಿನ ಕಿರುಬೆರಳಿಗೆ ಒತ್ತುತ್ತೆ ಅಂತ ಅಂಗಡಿಯವರು ಮೂಟೆ ಮೂಟೆ ವಾಪಸ್ ಕಳಿಸ್ತಿದ್ದಾರೆ. ಅದೂ ನಿಮ್ಮ ಚೂರಿನ ಪ್ರತಾಪವೇ?"

ಅಚ್ಚಣ್ಣ ತಬ್ಬಿಬ್ಬಾದ. ಇದು ಅವನ ಕಿವಿಗೇ ಬಿದ್ದಿರಲಿಲ್ಲ. "ಒತ್ತೋದಾ? ಸಾಧ್ಯವೇ ಇಲ್ಲ ಸರ್. ಏಳಕ್ಕ ನಲವತ್ತು ಸುತ್ತು ನಡೆದು ಸರಿಯಿದೆ ಅಂದ್ರು. ನಾನೇ ಮೂರು ಸಲ ಕೇಳಿದೀನಿ."

ಅಂದ ಮೇಲೆ ಹೊಳೆಯಿತು, ಮಾತು ಯಾರ ಕುತ್ತಿಗೆಗೆ ಸುತ್ತಿಕೊಂಡಿತೆಂದು.

ಮರಿಧಣಿ ಅವಳ ಕಡೆ ತಿರುಗಿದ. "ಹೇಳಿ ಅಕ್ಕ. ಒತ್ತಲಿಲ್ವಾ?"

ಏಳಕ್ಕ ಎಡಗಾಲನ್ನು ಸ್ಟೂಲಿನಡಿಯಿಂದ ಈಚೆಗೆಳೆದಳು. ಕಿರುಬೆರಳಿಗೆ ಸುತ್ತಿದ್ದ ಬ್ಯಾಂಡೇಜನ್ನು ನಿಧಾನವಾಗಿ ಬಿಚ್ಚಿದಳು. ಅಡಿಯಲ್ಲಿ ಅಂಗಿಯ ಗುಂಡಿಯಷ್ಟು ಗಟ್ಟಿಯಾದ ಆಣಿ ಎದ್ದಿತ್ತು.

"ಮೂರನೇ ಸುತ್ತಿಗೇ ಒತ್ತಿತು ಸರ್."

"ಮತ್ಯಾಕೆ ಸರಿಯಿದೆ ಅಂದ್ರಿ?"

ಅವಳು ಮರಿಧಣಿಯ ಮುಖ ನೋಡಲಿಲ್ಲ. "ಮೊದಲೆಲ್ಲ ನೀವು ಅಂಟಿಸಿದ ಚೂರು ಎಷ್ಟು ಮಟ್ಟಸವಾಗಿ ಕೂರ್ತಿತ್ತು ಅಚ್ಚಣ್ಣ. ಎಲ್ಲಿ ಅಂಟಿಸಿದ್ದೀರಿ ಅಂತ ಪ್ರತಿ ವರ್ಷ ಕಾಲಲ್ಲೇ ಹುಡುಕ್ತಿದ್ದೆ, ಸಿಕ್ತಿರಲಿಲ್ಲ," ಎಂದಳು. "ಹೋದ ವರ್ಷದ್ದು ಮಾತ್ರ ಸಿಕ್ಕಿಬಿಡ್ತು."

ಹೇಳುತ್ತಾ ಅವಳ ನೋಟ ಅವನ ಬಲಗೈಯ ಮೇಲೆ ನಿಂತಿತ್ತು. ಹೋದ ವರ್ಷದಿಂದ ಅರ ಹಿಡಿದರೆ ನೆಟ್ಟಗೆ ನಿಲ್ಲದ ಆ ಕೈಯನ್ನು ಅಚ್ಚಣ್ಣ ಸರಕ್ಕನೆ ಏಪ್ರನ್ನಿನ ಜೇಬಿಗೆ ತುರುಕಿದ. ಜೇಬಿನ ಬಟ್ಟೆ ನಡುಗುತ್ತಲೇ ಇತ್ತು.