ನೀರು ಕುಡಿದ ಸೈಕಲ್ಲು

“ಮತ್ತ ನೀರು ಹೊಕ್ಕೈತ್ರಿ ರೇವಪ್ಪ,” ಎಂದ ಮೆಕ್ಯಾನಿಕ್ ಕುತುಬುದ್ದೀನ, ಕರೆಂಟು ಸೈಕಲ್ಲಿನ ಮೋಟಾರು ನಡೆಸುವ ಕಂಟ್ರೋಲರ್ ಡಬ್ಬಿಯನ್ನು ಬೋರಲು ಹಾಕಿ. ಎರಡು ಹನಿ ನೆಲಕ್ಕೆ ಬಿದ್ದವು. “ಸುಟ್ಟು ಹೋಗೈತಿ. ಹೊಸಾದಕ್ಕ ಏಳು ಸಾವಿರ.”

ರೇವಪ್ಪನ ಪಿತ್ತ ನೆತ್ತಿಗೇರಿತು. ಮೂರು ತಿಂಗಳಲ್ಲಿ ಇದು ಮೂರನೇ ಡಬ್ಬಿ! “ಮಳಿ ಎಲ್ಲಿ ಆಗೈತ್ರಿ? ಮಂದಿಗೆ ಕುಡಿಯಾಕ ನೀರಿಲ್ಲ, ಇದಕ್ಕ ಎಲ್ಲಿಂದ ಬಂತು?”

“ನೀವ ನೋಡ್ಕೋಬೇಕ್ರಿ. ಯಾರೋ ಬೇಕಂತನ ಸುರದಾರ.”

ತಿಕೋಟಾ ಬಸ್ಸು ಹತ್ತಿ ತನ್ನೂರು ತೊರವಿಯಲ್ಲಿ ಇಳಿಯುವ ತನಕ ಆ ಮಾತು ಅವನ ತಲೆ ಕೊರೆಯಿತು. ಫೋನಿನಲ್ಲೇ ಬೀಗ ಹಾಕುವ, ಫೋನಿನಲ್ಲೇ ತೆಗೆಯುವ ನಲವತ್ತೆಂಟು ಸಾವಿರದ ಸೈಕಲ್ಲು. ಥತ್, ಹೆಸರು ದೊಡ್ಡದು, ಬಾಳಿಕೆ ಇಲ್ಲ!

ನಗರದ ಲ್ಯಾಬೊಂದಕ್ಕೆ ಬೆಳಿಗ್ಗೆ ಮನೆಮನೆಯಿಂದ ರಕ್ತ ತಂದುಕೊಡುವುದು ಅವನ ಕೆಲಸ. ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತ ಸಕ್ಕರೆ ಕಾಯಿಲೆಯವರು ಮೂರು ಸಲ ಬಾಯಿಗೆ ಬಂದಂತೆ ಬೈದಿದ್ದರು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಮಾಲೀಕ ಹೇಳಿಬಿಟ್ಟಿದ್ದ.

ಅದೇ ಕೆಲಸಕ್ಕೆ ಅರ್ಜಿ ಹಾಕಿ ಸಿಗದೇ ಹೋದವನು ಪಕ್ಕದ ಮನೆಯ ಅಪ್ಪು. ಸೈಕಲ್ಲು ಕೆಟ್ಟಾಗಲೆಲ್ಲ ಮೊದಲು ಅವನೇ ಹಾಜರು. “ಯಾಕಲೇ, ಮತ್ತ ಕೈ ಕೊಟ್ಟೈತೇನ?” ಎಂದು ಹಲ್ಲು ಕಿರಿಯುತ್ತಿದ್ದ. ಇನ್ಯಾರು ಮತ್ತೆ? ಅವನೇ.

ಹೊಸ ಡಬ್ಬಿ ಬಂತು. ದಿನ ಕಳೆದಂತೆ ರೇವಪ್ಪನಿಗೆ ಹೆದರಿಕೆ ಹೆಚ್ಚಾಯಿತು. ಊಟಕ್ಕೆ ಕುಳಿತರೂ ಕಣ್ಣು ಅಂಗಳದ ಕಡೆಗೇ. ತಾಯಿ ರುಕ್ಮವ್ವನೂ ಸೊರಗಿದ್ದಳು. “ಚಿಂತಿ ಮಾಡಬ್ಯಾಡೋ ಯಪ್ಪಾ. ಈ ಸಲ ನಾ ಬರೋಬರಿ ನೋಡ್ಕೋತೀನಿ,” ಎಂದಳು. ಪಾಪ, ಮುದುಕಿ ಏನು ನೋಡಿಕೊಂಡಾಳು!

ಅಮಾವಾಸ್ಯೆಯ ನಸುಕು. ಕಣ್ಣಿಗೆ ಕೈ ಕಾಣದ ಕತ್ತಲು. ಅಪ್ಪು ಬರುವುದಿದ್ದರೆ ಇಂಥ ಕತ್ತಲಲ್ಲೇ ಎಂದು ರೇವಪ್ಪ ಬಡಿಗೆ ಹಿಡಿದು ಬಚ್ಚಲ ಗೋಡೆಯ ಮರೆಯಲ್ಲಿ ಕುಳಿತ.

ಹೆಜ್ಜೆ ಸಪ್ಪಳ. ಯಾರೋ ಸೈಕಲ್ಲಿನ ಬಳಿ ಬಾಗಿದರು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಹಿಂದೆಯೇ ನೀರು ಸುರಿದ ಸದ್ದು.

“ಸಿಕ್ಕಿಯಲ್ಲೋ ಮಗನ!” ಬಡಿಗೆ ಎತ್ತಿ ಮುಂದೆ ಹಾರಿದ ರೇವಪ್ಪ ಫೋನಿನ ಬೆಳಕು ಬಿಟ್ಟ.

ಬರಿದಾದ ಕೊಡ ಕೆಳಗಿಟ್ಟು, ಒರೆಸುವ ಅರಿವೆ ಹೆಗಲಿಗೆ ಹಾಕಿಕೊಂಡು, ರುಕ್ಮವ್ವ ಕಣ್ಣು ಮುಚ್ಚಿ ಸೈಕಲ್ಲಿಗೆ ಕೈಮುಗಿದು ನಿಂತಿದ್ದಳು: “ಅಮಾಸಿ ಅಮಾಸಿಗೆ ತಪ್ಪದ ಒಳಗ-ಹೊರಗ ಜಳಕಾ ಮಾಡಿಸಿ ಪೂಜಿ ಮಾಡೀನಿ, ಈ ಸಲರೆ ಕೆಡಬ್ಯಾಡೋ ತಂದಿ, ನನ್ನ ಮಗನ ನೌಕರಿ ಉಳಸು.”